ಹೆಬ್ಬೆಯ ದಾರಿಯೂ ಊರ ಕೆರೆಯೂ

ಮಳೆಗಾಲವು ಹಿಂದೆಗೆದು ದಸರೆಯ ರಜೆಯು ಸಮೀಪಿಸಿತೆಂದರೆ ನಮ್ಮ ಪಟ್ಟಣಗಳ ಗೃಹಸ್ಥರ ಮನೆಗಳಲ್ಲಿ ಒಂದೇ ಪ್ರಶ್ನೆಯು ಏಳುತ್ತದೆ: ಈ ಸಲ ಎಲ್ಲಿಗೆ ಹೋಗೋಣ? ವರ್ಷವೆಲ್ಲ ಕಡತಗಳ ಮುಂದೆ ಬೆನ್ನು ಬಾಗಿಸಿ ಕುಳಿತ ನೌಕರನಿಗೂ, ಗಲ್ಲಾಪೆಟ್ಟಿಗೆಯನ್ನು ಬಿಟ್ಟೇಳಲಾರದ ವರ್ತಕನಿಗೂ, ಪರೀಕ್ಷೆಗಳ ಭಾರದಿಂದ ಬಾಡಿದ ಬಾಲಕರಿಗೂ, ಇವರೆಲ್ಲರ ಊಟೋಪಚಾರಗಳನ್ನು ನೋಡಿಕೊಂಡು ಯಾವ ರಜೆಯನ್ನೂ ಕಾಣದ ಗೃಹಿಣಿಗೂ ನಾಲ್ಕು ದಿನ ನೀರಿನ ಬಳಿ, ಮರದ ನೆರಳಿನಲ್ಲಿ ಕಳೆಯಬೇಕೆಂಬ ಆಸೆಯು ಸಹಜವಾದುದೇ ಸರಿ. ಇದನ್ನು ದುಂದುವೆಚ್ಚವೆಂದು ಹಳಿಯುವವರ ಗುಂಪಿಗೆ ನಾವು ಸೇರಿದವರಲ್ಲ. ದೇಹಕ್ಕೆ ಚಲನೆಯೂ ಮನಸ್ಸಿಗೆ ಬಯಲೂ ಬೇಕೆಂಬುದು ವೈದ್ಯರ ಮಾತನ್ನು ಕೇಳಿ ತಿಳಿಯಬೇಕಾದ ಸಂಗತಿಯಲ್ಲ.

ಆದರೆ ವಿಹಾರದ ಮಾತೆತ್ತಿದೊಡನೆ ಕಡೂರು, ಬೀರೂರು, ತರೀಕೆರೆ, ಅಜ್ಜಂಪುರಗಳ ಜನರ ಬಾಯಲ್ಲಿಯೂ, ಬೆಂಗಳೂರಿನಿಂದ ರಾತ್ರಿಯೇ ಹೊರಟು ಬರುವವರ ಬಾಯಲ್ಲಿಯೂ ಹೆಬ್ಬೆಯ ಹೆಸರು ಮೊದಲು ಬರುತ್ತಿರುವುದೂ, ಸಾಲು ರಜೆಗಳಲ್ಲಿ ಆ ಬೆಟ್ಟದ ಇಕ್ಕಟ್ಟಿನ ರಸ್ತೆಗಳಲ್ಲಿ ವಾಹನಗಳು ಒಂದರ ಬಾಲಕ್ಕೊಂದು ನಿಲ್ಲುತ್ತಿರುವುದೂ ಸರ್ವವಿದಿತವಾಗಿದೆ. ಎಲ್ಲರೂ ಒಂದೇ ಜಲಪಾತಕ್ಕೆ ಏಕೆ ಓಡಬೇಕಾಗಿದೆ? ತಮ್ಮ ತಮ್ಮ ಊರುಗಳ ಕೆರೆಗಳು ಏನಾದವು? ಈ ಎರಡು ಪ್ರಶ್ನೆಗಳೂ ವಾಸ್ತವವಾಗಿ ಒಂದೇ ಎಂದು ನಮಗೆ ತೋರುತ್ತದೆ.

ಮೊದಲು ಹೆಬ್ಬೆಯ ವಿಷಯವನ್ನೇ ನೋಡೋಣ. ಬಾಬಾಬುಡನ್ ಗಿರಿಶ್ರೇಣಿಯ ಉತ್ತರದ ಅಂಚಿನಲ್ಲಿ, ಸಮುದ್ರಮಟ್ಟದಿಂದ 1434 ಮೀಟರು ಎತ್ತರದಲ್ಲಿ ಕೆಮ್ಮಣ್ಣುಗುಂಡಿಯಿದೆ. ಅದು ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಗೆಯ ಬಿಡಾರವಾಗಿದ್ದ ಸ್ಥಳ. ಅವರ ಹೆಸರಿನಿಂದಲೇ ಅದಕ್ಕೆ ಕೃಷ್ಣರಾಜೇಂದ್ರ ಗಿರಿಧಾಮವೆಂಬ ಹೆಸರು ಬಂದಿದೆ. ಹೆಸರೇ ಹೇಳುವಂತೆ ಅಲ್ಲಿಯ ಮಣ್ಣು ಕೆಂಪು. ಆ ಕೆಂಪಿನೊಳಗಿನ ಕಬ್ಬಿಣದ ಅದಿರು ಬಹುಕಾಲ ತಂತಿಯ ಮೇಲಿನ ತೊಟ್ಟಿಲುಗಳಲ್ಲಿ ಕೆಳಗಿಳಿದು, 1923ರಲ್ಲಿ ಕೆಲಸವನ್ನಾರಂಭಿಸಿದ ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿತ್ತು. ಇಂದು ಅಲ್ಲಿ ತೋಟಗಾರಿಕೆ ಇಲಾಖೆಯ ಹೂದೋಟಗಳೂ ವಸತಿಗೃಹಗಳೂ ಇವೆ. ಅಲ್ಲಿಂದ ಸುಮಾರು ಎಂಟು ಹತ್ತು ಕಿಲೋಮೀಟರು ಕಾಡಿನೊಳಗೆ ಇಳಿದರೆ ಹೆಬ್ಬೆಯ ಹಳ್ಳವು 168 ಮೀಟರುಗಳಷ್ಟು ಎತ್ತರದಿಂದ ಎರಡು ಹಂತಗಳಾಗಿ ಧುಮುಕುವುದನ್ನು ಕಾಣಬಹುದು. ಮೇಲಿನ ದೊಡ್ಡ ಹಂತವನ್ನು ದೊಡ್ಡ ಹೆಬ್ಬೆಯೆಂದೂ ಕೆಳಗಿನದನ್ನು ಚಿಕ್ಕ ಹೆಬ್ಬೆಯೆಂದೂ ಕರೆಯುತ್ತಾರೆ. ಮಲೆನಾಡಿನ ಕಾಫಿಯ ತೋಟಗಳನ್ನೂ ಹಳ್ಳಗಳನ್ನೂ ದಾಟಿ, ಒದ್ದೆಯ ಬಂಡೆಗಳ ಮೇಲೆ ಕಾಲಿಟ್ಟು ಹತ್ತಿರ ಹೋದವನಿಗೆ ನೀರಿನ ಸದ್ದಿನಲ್ಲಿ ತನ್ನ ಮಾತೇ ತನಗೆ ಕೇಳಿಸುವುದಿಲ್ಲ. ಜನರು ಅಲ್ಲಿಗೆ ಹಾತೊರೆಯುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಹೋಗುವವರು ಕೆಲವು ಸಂಗತಿಗಳನ್ನು ಮುಂಚಿತವಾಗಿ ಅರಿತಿರಬೇಕು. ತಮ್ಮ ಸ್ವಂತ ಕಾರು ಜಲಪಾತದವರೆಗೂ ಹೋಗುವುದೆಂಬ ಭ್ರಮೆಯು ಯಾರಿಗೂ ಬೇಡ. ಕೊನೆಯ ದಾರಿಯು ಅಲ್ಲಿಯ ಜೀಪುಗಳಿಗೆ ಮಾತ್ರ ತಕ್ಕುದು. ಅದರ ನಂತರ ಕಾಲ್ನಡಿಗೆಯೇ ಗತಿ. ಅರಣ್ಯ ಇಲಾಖೆಯ ಅಪ್ಪಣೆಯೂ ಶುಲ್ಕವೂ ಉಂಟು; ಮಳೆಯು ವಿಪರೀತವಾದಾಗ ಪ್ರವೇಶವನ್ನೇ ನಿಲ್ಲಿಸುವುದೂ ಉಂಟು. ಆದಕಾರಣ ಹೊರಡುವ ಮುನ್ನ ವಿಚಾರಿಸಿಕೊಳ್ಳದೆ ಮಕ್ಕಳುಮರಿಗಳನ್ನು ಕಟ್ಟಿಕೊಂಡು ತನಿಖಾ ಠಾಣೆಯವರೆಗೂ ಬಂದು, ಅಲ್ಲಿಯ ಕಾವಲುಗಾರನೊಡನೆ ವಾದಕ್ಕೆ ನಿಲ್ಲುವುದು ವಿವೇಕಿಗಳ ಲಕ್ಷಣವಲ್ಲ. ಆಷಾಢ ಶ್ರಾವಣಗಳಲ್ಲಿ ಹೋದರೆ ನೀರಿನ ವೈಭವವೇನೋ ಸರಿಯೇ, ಆದರೆ ಬಂಡೆಗಳ ಮೇಲಿನ ಪಾಚಿಯು ಎಂತಹ ಗಟ್ಟಿಗನನ್ನೂ ಕೆಡವೀತು. ಇಂಬಳಗಳು ಕಾಲುಚೀಲದೊಳಕ್ಕೂ ದಾರಿ ಕಂಡುಕೊಳ್ಳುತ್ತವೆ. ಉಪ್ಪಿನ ಸಣ್ಣ ಗಂಟೊಂದು ಕೈಯಲ್ಲಿದ್ದರೆ ಅವುಗಳ ಕಾಟಕ್ಕೆ ಅಷ್ಟರಮಟ್ಟಿನ ಉಪಶಮನವುಂಟು. ಅಕ್ಟೋಬರಿನಿಂದ ಜನವರಿಯವರೆಗಿನ ಕಾಲವೇ ಗೃಹಸ್ಥರಿಗೆ ಪ್ರಶಸ್ತವಾದುದು. ಶನಿವಾರ ಭಾನುವಾರಗಳನ್ನು ಬಿಟ್ಟು ವಾರದ ನಡುವೆ ಹೋಗಬಲ್ಲವರು ಪುಣ್ಯವಂತರು.

ಈ ಕಾಡು ಕೇವಲ ನಮ್ಮ ನೋಟಕ್ಕೆಂದು ಇರುವುದಲ್ಲ. ಭದ್ರಾ ಕಣಿವೆಯ ಅರಣ್ಯವು 1974ರಲ್ಲಿ ಭದ್ರಾ ವನ್ಯಜೀವಿಧಾಮವೆಂದೂ, 1998ರಲ್ಲಿ ಹುಲಿ ಸಂರಕ್ಷಿತ ಪ್ರದೇಶವೆಂದೂ ಘೋಷಿತವಾಯಿತು. ಅದರ ಒಳಗಣ ಹಲವು ಹಳ್ಳಿಗಳ ಒಕ್ಕಲುಗಳು ಈ ಶತಮಾನದ ಆರಂಭದ ವರ್ಷಗಳಲ್ಲಿ ತಮ್ಮ ಮನೆಮಠಗಳನ್ನೂ, ಗದ್ದೆಗಳನ್ನೂ, ಹಿರಿಯರು ನೆಟ್ಟ ಮರಗಳನ್ನೂ ಬಿಟ್ಟು ತರೀಕೆರೆಯ ಕಡೆಯ ಎಂ. ಸಿ. ಹಳ್ಳಿಯೇ ಮೊದಲಾದ ಹೊಸ ಊರುಗಳಿಗೆ ಬಂದು ನೆಲಸಿದರು. ಕಾಡು ನೆಮ್ಮದಿಯಾಗಿರಲೆಂದು ತಲೆತಲಾಂತರದ ಒಕ್ಕಲುಗಳೇ ಜಾಗ ಬಿಟ್ಟುಕೊಟ್ಟ ಮೇಲೆ, ಒಂದು ಹೊತ್ತಿನ ಮೋಜಿಗೆ ಬಂದ ಪೇಟೆಯವನು ಅದರ ಅಂಚಿನಲ್ಲಿಯೇ ಹಾಡಿನ ಪೆಟ್ಟಿಗೆಯನ್ನು ಗಟ್ಟಿಯಾಗಿ ಹಚ್ಚಿ, ಸೀಸೆಗಳನ್ನು ಬಂಡೆಗೆ ಬಡಿದು ಒಡೆದು ಹೋಗುವುದನ್ನು ಯಾವ ಬಾಯಿಂದ ವಿಹಾರವೆಂದು ಕರೆಯುವುದು?

ಇಲ್ಲಿ ಭೂಗೋಳದ ಒಂದೆರಡು ಮಾತುಗಳನ್ನು ಹೇಳುವುದು ಅವಶ್ಯ. ಬಾಬಾಬುಡನ್ ಗಿರಿಯು ಕುದುರೆಯ ಲಾಳದ ಆಕಾರದಲ್ಲಿ ಬಾಗಿದೆ. ಲಾಳದ ಒಳಗೆ ಬಿದ್ದ ಮಳೆಯು, ಹೆಬ್ಬೆಯ ನೀರೂ ಸೇರಿ, ಪಶ್ಚಿಮಕ್ಕೆ ಭದ್ರೆಯನ್ನು ಕೂಡಿ ಲಕ್ಕವಳ್ಳಿಯ ಜಲಾಶಯವನ್ನು ತುಂಬುತ್ತದೆ. ಲಾಳದ ಹೊರಗೆ, ಪೂರ್ವದ ಇಳಿಜಾರಿನಲ್ಲಿ ಬಿದ್ದ ಮಳೆಯು ವೇದಾ ಮತ್ತು ಆವತಿ ಎಂಬ ಎರಡು ಹೊಳೆಗಳಾಗಿ ಕಡೂರಿನ ಬಯಲಿಗೆ ಇಳಿಯುತ್ತದೆ. ಮೊದಲನೆಯದು ಅಯ್ಯನಕೆರೆಯನ್ನೂ ಎರಡನೆಯದು ಮದಗದ ಕೆರೆಯನ್ನೂ ತುಂಬಿ, ಮುಂದೆ ಕಡೂರಿನ ಬಳಿ ಕೂಡಿಕೊಂಡು ವೇದಾವತಿ ಎನಿಸುತ್ತವೆ. ಆ ವೇದಾವತಿಯೇ ಹಿರಿಯೂರಿನ ಬಳಿ ವಾಣೀವಿಲಾಸ ಸಾಗರದಲ್ಲಿ ನಿಲ್ಲುವುದು. 1933ರಲ್ಲಿ ಕೋಡಿ ಬಿದ್ದ ಆ ಜಲಾಶಯವು ಮತ್ತೆ ತುಂಬಿ ಹರಿದುದು 2022ರಲ್ಲಿ. ಅಷ್ಟು ದೀರ್ಘವಾದ ಕಾಲ ಕಾದವರ ಸಂತೋಷವನ್ನು ಚಿತ್ರದುರ್ಗದ ಸೀಮೆಯವರನ್ನು ಕೇಳಿಯೇ ತಿಳಿಯಬೇಕು. ಹೀಗೆ ಬೆನ್ನು ಬೆನ್ನಿಗೆ ತಿರುಗಿಸಿ ಹೊರಟ ಈ ಎರಡು ನೀರುಗಳೂ ಬಹುದೂರ ಹರಿದು ಕಟ್ಟಕಡೆಗೆ ತುಂಗಭದ್ರೆಯಲ್ಲಿಯೇ ಒಂದಾಗುತ್ತವೆ. ರಜೆಯ ಏರ್ಪಾಡನ್ನು ಮಾಡುವಾಗ ಗೃಹಸ್ಥನು ಲಾಳದ ಒಳಗಣ ಒಂದು ಹಳ್ಳವನ್ನು ಮಾತ್ರ ನೆನೆಯುತ್ತಾನೆ; ಹೊರಗಣ ಕೆರೆಗಳು ಅವನ ಲೆಕ್ಕಕ್ಕೇ ಬರುವುದಿಲ್ಲ.

ಆ ಲೆಕ್ಕದಲ್ಲಿ ಮೊದಲು ಬರಬೇಕಾದುದು ಅಯ್ಯನಕೆರೆ. ಕಡೂರಿನಿಂದ ಚಿಕ್ಕಮಗಳೂರಿನ ರಸ್ತೆ ಹಿಡಿದು ಸಖರಾಯಪಟ್ಟಣವನ್ನು ಮುಟ್ಟಿ, ಅಲ್ಲಿಂದ ಬೆಟ್ಟದ ಕಡೆಗೆ ತಿರುಗಿದರೆ, ಶಕುನಗಿರಿಯ ಬುಡದಲ್ಲಿ ಕಣ್ಣು ಹಾಯುವವರೆಗೂ ನೀರು. ಸಖರಾಯಪಟ್ಟಣದ ದೊರೆ ರುಕ್ಮಾಂಗದನು ಇದನ್ನು ಕಟ್ಟಿಸಿದನೆಂದೂ, ಹೊಯ್ಸಳರ ಕಾಲದಲ್ಲಿ 1156ರಲ್ಲಿ ಇದರ ಜೀರ್ಣೋದ್ಧಾರವಾಯಿತೆಂದೂ ಪ್ರತೀತಿ. ರಾಜ್ಯದ ಅತಿ ದೊಡ್ಡ ಕೆರೆಗಳಲ್ಲಿ ಇದೂ ಒಂದು. ಬೆಳಗಿನ ಹೊತ್ತು ಏರಿಯ ಮೇಲೆ ನಿಂತು ನೋಡಿದರೆ ಮಂಜಿನೊಳಗಿಂದ ಗಿರಿಯ ನೆತ್ತಿಯು ಮೊದಲು ಗಾಳಿಯಲ್ಲಿಯೂ ಆಮೇಲೆ ನೀರಿನಲ್ಲಿಯೂ ಮೂಡುತ್ತದೆ. ಅಲ್ಲಿ ನಡೆಯಬಹುದು, ಹಕ್ಕಿಗಳನ್ನು ನೋಡುತ್ತ ಕೂರಬಹುದು, ಬುತ್ತಿ ಬಿಚ್ಚಿ ಮೊಸರನ್ನವನ್ನೋ ರೊಟ್ಟಿ ಚಟ್ನಿಪುಡಿಗಳನ್ನೋ ತಿನ್ನಬಹುದು. ಇದಕ್ಕೆ ಜೀಪೂ ಬೇಡ, ಇಂಬಳಗಳ ಭಯವೂ ಇಲ್ಲ.

ಆ ಏರಿಯನ್ನು ಕುರಿತು ಒಂದು ಕಥೆಯಿದೆ. ಒಂದು ರಾತ್ರಿ ಕೆರೆಯ ದೇವತೆಯು ನೀರುಗಂಟಿಗೆ ಕಾಣಿಸಿಕೊಂಡು, ತಾನು ಈ ಕಟ್ಟೆಯನ್ನು ಒಡೆದು ಹೊರಟು ಹೋಗುವೆನೆಂದು ನುಡಿದಳಂತೆ. ಬಡಪಾಯಿ ನೀರುಗಂಟಿಯು ಅವಳ ಕಾಲಿಗೆ ಬಿದ್ದು, ತಾನು ದೊರೆಗೆ ಸುದ್ದಿ ಮುಟ್ಟಿಸಿ ಮರಳಿ ಬರುವವರೆಗಾದರೂ ನಿಲ್ಲಬೇಕೆಂದು ಬೇಡಿಕೊಂಡನು. ಅವಳು ಒಪ್ಪಿದಳು. ಅವನು ಕತ್ತಲಲ್ಲಿ ಓಡಿ ಹೋಗಿ ದೊರೆಗೆ ನಡೆದುದೆಲ್ಲವನ್ನೂ ಅರಿಕೆ ಮಾಡಿದನು. ದೊರೆಯು ಯೋಚಿಸಿದನು: ಇವನು ಮರಳಿ ಹೋದರೆ ತಾನೆ ಕೆರೆ ಒಡೆಯುವುದು? ನೀರುಗಂಟಿಯ ತಲೆ ಉರುಳಿತು. ಕೊಟ್ಟ ಮಾತಿಗೆ ಕಟ್ಟುಬಿದ್ದ ದೇವತೆಯು ಅವನು ಬರುವ ದಾರಿಯನ್ನು ಕಾಯುತ್ತ ಇಂದಿಗೂ ಅಲ್ಲಿಯೇ ನಿಂತಿದ್ದಾಳೆ, ಕೆರೆಯು ಒಡೆದಿಲ್ಲ. ಇಂತಹ ಕಥೆಗಳನ್ನು ಬೇರೆ ಕೆಲವು ಕೆರೆಗಳಿಗೂ ಹೇಳುವುದುಂಟು. ಆದರೆ ಸಖರಾಯಪಟ್ಟಣದಲ್ಲಿ ಈ ಕೆರೆಗಾಗಿ ಬಲಿಯಾದವನ ಸ್ಮಾರಕವೇ ಇದ್ದುದನ್ನು ಹಳೆಯ ಮೈಸೂರು ಗೆಜೆಟಿಯರು ಸಹ ನಮೂದಿಸಿದೆ. ದೊರೆಯ ನ್ಯಾಯವನ್ನು ನಾವು ಮೆಚ್ಚಲಾರೆವು. ಆದರೂ ಒಂದು ಏರಿಯ ಉಳಿವಿಗೆ ಎಷ್ಟು ಬೆಲೆಯನ್ನು ಕೊಡಬಹುದೆಂದು ಆ ಕಾಲದ ಜನರು ಎಣಿಸಿದ್ದರೆಂಬುದು ಅದರಿಂದ ತಿಳಿಯುತ್ತದೆ. ಅದೇ ಏರಿಯ ಕಲ್ಲುಗಳ ಸಂದಿಯಲ್ಲಿ ಇಂದಿನ ವಿಹಾರಿಗಳು ಪ್ಲಾಸ್ಟಿಕ್ಕಿನ ಲೋಟಗಳನ್ನು ತುರುಕಿ ಹೋಗುತ್ತಾರೆ.

ಕೆರೆಯ ಬಳಿಗೆ ಹೋಗುವ ಪಟ್ಟಣಿಗನು ಅಲ್ಲಿ ತಾನು ಅತಿಥಿಯೆಂಬುದನ್ನು ಮರೆಯಬಾರದು. ತೂಬಿನ ಕೆಳಗೆ ಅಚ್ಚುಕಟ್ಟಿದೆ; ಅಚ್ಚುಕಟ್ಟಿನಲ್ಲಿ ಗದ್ದೆ, ತೆಂಗು, ಅಡಕೆಗಳಿವೆ; ಅವುಗಳ ಹಿಂದೆ ಸಾಲ ಮಾಡಿ ಬಿತ್ತಿದ ರೈತನಿದ್ದಾನೆ. ‘ಸ್ವಾಮೀ, ನಿಮಗಿದು ನೋಡೋ ಕೆರೆ, ನಮಗೆ ಉಣ್ಣೋ ಕೆರೆ’ ಎಂದು ಅವನು ಅಂದರೆ ನಾವು ಕೊಡಬಹುದಾದ ಉತ್ತರವೇನೂ ಇಲ್ಲ. ತೂಬಿನ ಬಳಿ ಈಜಲಿಳಿಯುವುದು, ಕೋಡಿಯ ಮೇಲೆ ಹರಿಯುವ ನೀರಿನಲ್ಲಿ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆಸಿಕೊಳ್ಳುವುದು, ಏರಿಯ ಮೇಲೆ ಭಾರವಾದ ವಾಹನಗಳನ್ನು ಹತ್ತಿಸುವುದು ಇವೆಲ್ಲವೂ ಅವಿವೇಕ. ಕೆರೆಯ ಆಳವು ದಡದಿಂದ ಕಾಣುವುದಿಲ್ಲ. ಹೂಳಿನಲ್ಲಿ ಸಿಕ್ಕಿದ ಕಾಲು ಈಜು ಬಲ್ಲವನ ಮಾತನ್ನೂ ಕೇಳುವುದಿಲ್ಲ. ಪ್ರತಿ ರಜೆಯಲ್ಲಿಯೂ ನಾಡಿನ ಯಾವುದಾದರೊಂದು ಕೆರೆಯಿಂದ ವಿದ್ಯಾರ್ಥಿಗಳು ಮುಳುಗಿದ ದುರ್ವಾರ್ತೆಯು ಬಾರದೆ ಇರುವುದಿಲ್ಲ. ಮೀನು ಹಿಡಿಯುವ ಚಪಲವುಳ್ಳವರು ಆ ಹಕ್ಕನ್ನು ಯಾರು ಗುತ್ತಿಗೆಗೆ ಪಡೆದಿದ್ದಾರೆಂಬುದನ್ನು ಕೇಳಿಯೇ ಗಾಳ ಹಾಕುವುದು ಮರ್ಯಾದೆ.

ಮದಗದ ಕೆರೆಯ ವಿಚಾರವಾಗಿ ಹೆಚ್ಚು ಬರೆಯಬೇಕಾದುದಿಲ್ಲ. ಎಮ್ಮೆದೊಡ್ಡಿಯ ಬಳಿಯ ಆ ಕೆರೆಯ ಹೆಸರನ್ನು ಜನಪದದ ಹಾಡೊಂದು ಕನ್ನಡನಾಡಿನ ಮನೆಮನೆಗೂ ಮುಟ್ಟಿಸಿದೆ. ಹಾಡಿನ ಕೆರೆಯು ತಮ್ಮದೆಂದು ಹಾವೇರಿಯ ಕಡೆಯ ಮಾಸೂರಿನವರೂ ಹೇಳುತ್ತಾರೆ. ಆ ವ್ಯಾಜ್ಯವನ್ನು ತೀರಿಸುವ ಸಾಹಸಕ್ಕೆ ನಾವು ಕೈಯಿಡುವುದಿಲ್ಲ. ಇನ್ನು ತರೀಕೆರೆಯಿಂದ ಪಶ್ಚಿಮಕ್ಕೆ ಹೊರಟವರಿಗೆ ಲಕ್ಕವಳ್ಳಿಯಿದೆ. 186 ಅಡಿಯ ಗರಿಷ್ಠ ಮಟ್ಟದ ಭದ್ರಾ ಜಲಾಶಯವು ತುಂಬಿತೇ ಇಲ್ಲವೇ ಎಂಬುದನ್ನು ದಾವಣಗೆರೆಯ ಬಯಲಿನ ಭತ್ತದ ಬೆಳೆಗಾರರು ದಿನವೂ ಪತ್ರಿಕೆಯಲ್ಲಿ ಹುಡುಕುತ್ತಾರೆ. ಅದರ ಹಿನ್ನೀರಿನಲ್ಲಿ ಏರ್ಪಡಿಸಿದ ದೋಣಿಯ ವಿಹಾರವುಂಟು. ಬೇಸಗೆಯಲ್ಲಿ ನೀರು ತಗ್ಗಿ ನಡುಗಡ್ಡೆಗಳು ಮೇಲೆದ್ದಾಗ ರಿವರ್ ಟರ್ನ್ ಎಂಬ ಹಕ್ಕಿಗಳು ಅಲ್ಲಿ ಗುಂಪಾಗಿ ಮೊಟ್ಟೆಯಿಟ್ಟು ಮರಿ ಮಾಡುವುದನ್ನು ದೂರದಿಂದ, ಹೌದು, ದೂರದಿಂದಲೇ ನೋಡಬಹುದು. ಹಾದಿಯನ್ನು ಸ್ವಲ್ಪ ಬಳಸಲೊಪ್ಪುವವರು 1196ರಲ್ಲಿ ಅಮೃತೇಶ್ವರ ದಂಡನಾಯಕನು ಕಟ್ಟಿಸಿದ ಅಮೃತಾಪುರದ ದೇವಾಲಯವನ್ನೂ ಕಂಡು ಬಂದರೆ ಮಕ್ಕಳಿಗೆ ಇತಿಹಾಸದ ಪಾಠವೊಂದು ಗುರುಗಳಿಲ್ಲದೆಯೇ ಆಗುವುದು. ಬೀರೂರನ್ನೋ ತರೀಕೆರೆಯನ್ನೋ ನೆಲೆ ಮಾಡಿಕೊಂಡು ಒಂದು ದಿನ ಅಯ್ಯನಕೆರೆ, ಒಂದು ದಿನ ಕಲ್ಲತ್ತಿಗಿರಿ ಕೆಮ್ಮಣ್ಣುಗುಂಡಿಗಳು, ಒಂದು ದಿನ ಲಕ್ಕವಳ್ಳಿ ಎಂದು ಹಂಚಿಕೊಂಡರೆ ಮೂರು ದಿನಗಳ ರಜೆಯು ಆತುರವಿಲ್ಲದೆ ಸಾಗುತ್ತದೆ. ಹೆಬ್ಬೆಯನ್ನು ಅದಕ್ಕೆ ಅನುಮತಿ ದೊರೆತ ದಿನಕ್ಕೆ ಬಿಡುವುದು ಲೇಸು.

ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಮೊದಲಿನ ಪ್ರಶ್ನೆಯು ಹಾಗೆಯೇ ಉಳಿದಿದೆ. ಮೂರು ದಿನಗಳ ರಜೆಯು ವರ್ಷಕ್ಕೊಂದು ಸಲ. ಉಳಿದ ದಿನಗಳ ಸಂಜೆಗಳಿಗೆ ನೀರೆಲ್ಲಿ, ನೆರಳೆಲ್ಲಿ? ಹಿಂದಿನ ಕಾಲದ ಪಟ್ಟಣಿಗನಿಗೆ ಈ ತೊಂದರೆಯಿರಲಿಲ್ಲ. ಊರ ಕೆರೆಯ ಏರಿಯೇ ಅವನ ವಾಯುಸೇವನೆಯ ಸ್ಥಳ. ಕೆರೆಯೇ ಹುಡುಗರ ಈಜಿನ ಶಾಲೆ. ದಡದ ಅರಳಿಕಟ್ಟೆಯೇ ಹಿರಿಯರ ಚಾವಡಿ. ತನ್ನ ಹೆಸರಿನಲ್ಲಿಯೇ ಕೆರೆಯನ್ನು ಹೊತ್ತ ತರೀಕೆರೆಯಂತಹ ಊರುಗಳು ನಮ್ಮಲ್ಲಿ ಎಷ್ಟಿಲ್ಲ! ಇಂದು ಅನೇಕ ಪಟ್ಟಣಗಳಲ್ಲಿ ಕೆರೆಯೆಂದರೆ ಚರಂಡಿಗಳೆಲ್ಲ ಸೇರುವ ಕೊನೆಯ ಗುಂಡಿ, ಕಟ್ಟಡಗಳ ಅವಶೇಷಗಳನ್ನು ಸುರಿಯುವ ತಿಪ್ಪೆ, ಇಲ್ಲವೇ ಮುಂದಿನ ಬಡಾವಣೆಗೆ ಒದಗುವ ಬಯಲು. ಮೂಗು ಮುಚ್ಚಿಕೊಂಡು ಅದನ್ನು ದಾಟುವ ಗೃಹಸ್ಥನೇ ನೂರು ಮೈಲಿ ಓಡಿ ಹೆಬ್ಬೆಯ ಮುಂದೆ ನಿಂತು ನೀರೆಷ್ಟು ನಿರ್ಮಲವೆಂದು ಉದ್ಗಾರ ತೆಗೆಯುತ್ತಾನೆ.

ಇದರ ಪರಿಣಾಮವನ್ನು ಕಾಣಬೇಕಾದರೆ ರಾಜಧಾನಿಯನ್ನು ನೋಡಿದರೆ ಸಾಕು. ಬೆಂಗಳೂರಿನ ಧರ್ಮಾಂಬುಧಿ ಕೆರೆಯು ಇಂದು ಕೆಂಪೇಗೌಡ ಬಸ್ ನಿಲ್ದಾಣ. ಸಂಪಂಗಿ ಕೆರೆಯು ಕಂಠೀರವ ಕ್ರೀಡಾಂಗಣ. ಆ ಎರಡನೆಯದರ ಮೂಲೆಯಲ್ಲಿ ಕರಗದ ವಿಧಿಗಳಿಗಾಗಿ ಉಳಿಸಿದ ಸಣ್ಣ ಕೊಳವೊಂದೇ ಹಳೆಯ ಕೆರೆಯ ಸಾಕ್ಷಿ. ಬೆಳ್ಳಂದೂರಿನ ಕೆರೆಯಂತೂ ಕೊಳಚೆಯಿಂದ ನೊರೆಯುಕ್ಕಿ 2015ರಲ್ಲಿಯೂ 2017ರಲ್ಲಿಯೂ ಹೊತ್ತಿ ಉರಿಯಿತು. ನೀರಿಗೆ ಬೆಂಕಿ ಬಿದ್ದಿತೆಂದರೆ ನಮ್ಮ ಅಜ್ಜಂದಿರು ಅದನ್ನು ಒಗಟೆಂದು ತಿಳಿಯುತ್ತಿದ್ದರು. ಅಂತಹ ನಗರದ ಜನರು ಶುಕ್ರವಾರ ರಾತ್ರಿ ಸಾಲಾಗಿ ಮಲೆನಾಡಿನ ಕಡೆಗೆ ಹೊರಡುವುದು ಅವರ ತಪ್ಪೇ? ಅವರಿಗೆ ತಮ್ಮ ಊರಿನಲ್ಲಿ ಕೂರಲು ದಡವನ್ನು ನಾವು ಉಳಿಸಲಿಲ್ಲ.

ಮೈಸೂರಿನ ಚಿತ್ರವು ಬೇರೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಊರಾಚೆಯ ಭೂಮಿಗಳಿಗೆ ನೀರುಣಿಸಲೆಂದು ಕಟ್ಟಿಸಿದ ಕುಕ್ಕರಹಳ್ಳಿಯ ಕೆರೆಯು ಕಾಲಕ್ರಮದಲ್ಲಿ ನಗರದ ನಡುವೆ ಸೇರಿ, ವಿಶ್ವವಿದ್ಯಾನಿಲಯದ ಆವರಣಕ್ಕೆ ಬಂದಿತು. ಅದರ ದಡದಲ್ಲಿ ಕುವೆಂಪು ಅವರು ನಡೆದಾಡಿ ಕವಿತೆ ಬರೆದುದನ್ನು ಸಾಹಿತ್ಯಪ್ರಿಯರು ಬಲ್ಲರು. ಇಂದಿಗೂ ಮುಂಜಾನೆಯ ಆರು ಗಂಟೆಗೆ ನ್ಯಾಯಾಧೀಶರೂ, ಗುಮಾಸ್ತರೂ, ತರಕಾರಿಯ ವ್ಯಾಪಾರಿಯೂ ಅಲ್ಲಿ ಒಂದೇ ದಾರಿಯಲ್ಲಿ ನಡೆಯಬಹುದು. ಅದಕ್ಕೂ ಚರಂಡಿಯ ಕಾಟ ತಪ್ಪಿದ್ದಲ್ಲ. ಆದರೆ ಕಾಟ ಬಂದಾಗಲೆಲ್ಲ ಕೂಗೆಬ್ಬಿಸುವ ನಾಗರಿಕರು ಅಲ್ಲಿದ್ದಾರೆ. ಚಾಮುಂಡಿಬೆಟ್ಟದ ಕೆಳಗಿನ ಕಾರಂಜಿ ಕೆರೆಯೂ ಒಂದು ಕಾಲಕ್ಕೆ ಕೊಳಚೆಯಿಂದ ಕೆಟ್ಟಿತ್ತು. ಮೃಗಾಲಯದ ಆಡಳಿತದ ಕೈಯಲ್ಲಿ ಅದು ಚೇತರಿಸಿಕೊಂಡು, ಇಂದು ದೋಣಿ, ಹಕ್ಕಿಗಳ ಮನೆ, ಚಿಟ್ಟೆಗಳ ವನಗಳಿಂದ ಮಕ್ಕಳನ್ನು ಸೆಳೆಯುತ್ತಿದೆ. ಪ್ರವೇಶದ ಶುಲ್ಕವೂ ಕೆರೆಯ ಪೋಷಣೆಗೆ ಒದಗುತ್ತದೆ. ಕೆಟ್ಟ ಕೆರೆಯನ್ನು ಸರಿಪಡಿಸಲಾಗದೆಂಬ ಮಾತು ಸೋಮಾರಿಗಳದು.

ಇದನ್ನೇ ಸಣ್ಣ ಪ್ರಮಾಣದಲ್ಲಿ ನಮ್ಮ ತಾಲ್ಲೂಕು ಪಟ್ಟಣಗಳು ಮಾಡಲಾರವೇ? ದೊಡ್ಡ ದೊಡ್ಡ ಯೋಜನೆಗಳ ಮಾತು ಬೇಡ. ಬಣ್ಣದ ದೀಪಗಳೂ, ಸಿಮೆಂಟಿನ ಜಿಂಕೆ ಕೊಕ್ಕರೆಗಳೂ, ಕೆರೆಯಂಗಳವನ್ನೇ ಕಿರಿದುಗೊಳಿಸಿ ಕಟ್ಟುವ ತಡೆಗೋಡೆಗಳೂ ಸಹ ಬೇಡ. ಇವುಗಳಿಗೆ ಹಣ ಸುರಿದು ಚರಂಡಿಯನ್ನು ಮಾತ್ರ ಹಾಗೆಯೇ ಬಿಟ್ಟ ಉದಾಹರಣೆಗಳು ನಾಡಿನಲ್ಲಿ ಯಥೇಷ್ಟವಾಗಿವೆ. ಮಲಿನಜಲವನ್ನು ಕೆರೆಗೆ ಬಾರದಂತೆ ತಿರುಗಿಸಿ ಶುದ್ಧಿಘಟಕಕ್ಕೆ ಒಯ್ಯುವುದು ಮೊದಲನೆಯ ಕೆಲಸ; ಅದಾಗುವವರೆಗೆ ದೋಣಿಯ ಮಾತೆತ್ತುವುದು ಹುಣ್ಣಿನ ಮೇಲೆ ಜರತಾರಿಯ ಶಾಲು ಹೊದಿಸಿದಂತೆ. ಮಳೆಯ ನೀರು ಬರುವ ಹಳೆಯ ಕಾಲುವೆಗಳನ್ನು ಒತ್ತುವರಿಯಿಂದ ಬಿಡಿಸುವುದು ಎರಡನೆಯದು. ಇದು ಖರ್ಚಿನ ಕೆಲಸವಲ್ಲ, ಧೈರ್ಯದ ಕೆಲಸ, ಆದುದರಿಂದಲೇ ಎಲ್ಲಕ್ಕಿಂತ ಹಿಂದೆ ಬೀಳುತ್ತದೆ. ಅದರ ಮೇಲೆ ಏರಿಯ ಉದ್ದಕ್ಕೂ ನಡೆಯಲು ಮಣ್ಣಿನ ದಾರಿ, ಹೊಂಗೆ ಬೇವುಗಳ ನೆರಳು, ಹೆಂಗಸರೂ ವೃದ್ಧರೂ ನಿರ್ಭಯವಾಗಿ ಕೂರುವಷ್ಟು ಬೆಳಕು ಕಾವಲುಗಳು, ದಡದ ಒಂದು ಕಡೆ ಆಳವನ್ನು ಗುರುತಿಸಿ ಕಾವಲಿನವನನ್ನಿಟ್ಟು ಹುಡುಗ ಹುಡುಗಿಯರಿಗೆ ಈಜು ಕಲಿಸುವ ಏರ್ಪಾಡು, ಇಷ್ಟಾದರೆ ಯಾವ ಪಟ್ಟಣದ ಸಂಜೆಯಾದರೂ ತುಂಬಿಕೊಳ್ಳುತ್ತದೆ.

ಅಧಿಕಾರಿಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಹೆಬ್ಬೆಗೂ ಕೆಮ್ಮಣ್ಣುಗುಂಡಿಗೂ ದಿನಕ್ಕೆ ಎಷ್ಟು ವಾಹನಗಳು ಹೋಗಬಹುದೆಂಬುದನ್ನು ಮೊದಲೇ ನಿಶ್ಚಯಿಸಿ, ರಜೆಯ ಮುನ್ನವೇ ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಬೇಕು. ಅಷ್ಟು ದೂರ ಬಂದವರನ್ನು ದಾರಿಯಲ್ಲಿ ತಡೆದು ಹಿಂದಕ್ಕೆ ಕಳುಹಿಸುವುದು ಯಾರಿಗೂ ಹಿತವಲ್ಲ. ಅಯ್ಯನಕೆರೆಯ ಬಳಿ ಶೌಚಗೃಹ, ಕಸದ ಬುಟ್ಟಿ, ಕನ್ನಡದಲ್ಲಿ ದೊಡ್ಡ ಅಕ್ಷರಗಳಿಂದ ಬರೆದ ಆಳದ ಎಚ್ಚರಿಕೆ ಇವು ಮೂರೂ ಸದಾ ಸುಸ್ಥಿತಿಯಲ್ಲಿದ್ದರೆ ಅರ್ಧ ಕೆಲಸವಾದಂತೆ. ಅಲ್ಲಿಯ ವಿಹಾರಿಗಳಿಂದ ಬರುವ ಹಣದಲ್ಲಿ ಒಂದು ಪಾಲು ತೂಬು ಕಾಲುವೆಗಳ ದುರಸ್ತಿಗೆ, ಅಚ್ಚುಕಟ್ಟಿನ ರೈತರ ಕಣ್ಣೆದುರಿನಲ್ಲಿಯೇ ವಿನಿಯೋಗವಾಗಬೇಕು. ಆಗ ರೈತನಿಗೂ ಪಟ್ಟಣದ ಅತಿಥಿಯು ಬೇಡದವನಾಗಿ ಕಾಣಲಾರನು.

ವಾಚಕ ಮಹಾಶಯರು ಈ ಸಲದ ರಜೆಗೆ ಜೀಪನ್ನು ಗೊತ್ತುಮಾಡುವ ಮುಂಚೆ ಒಂದು ಭಾನುವಾರದ ಸಂಜೆ ಮಕ್ಕಳ ಕೈ ಹಿಡಿದು ತಮ್ಮ ಊರಿನ ಕೆರೆಯ ಏರಿಯನ್ನು ಒಂದು ಸಲ ನಡೆದು ಬರಲಿ. ತಮ್ಮ ಬೀದಿಯ ಚರಂಡಿಯು ಯಾವ ಮೋರಿಯಿಂದ ಅದಕ್ಕೆ ಬೀಳುತ್ತದೆಂಬುದನ್ನು ಕಣ್ಣಾರೆ ಕಂಡು ಗುರುತು ಹಾಕಿಕೊಳ್ಳಲಿ. ಪುರಸಭೆಯ ಆಯವ್ಯಯದ ಚರ್ಚೆಯು ಮಾರ್ಚಿಗೆ ಮೊದಲು ನಡೆಯುತ್ತದೆ. ತಮ್ಮ ವಾರ್ಡಿನ ಸದಸ್ಯನ ಮನೆಯು ಹೆಬ್ಬೆಗಿಂತ ಬಹಳ ಹತ್ತಿರದಲ್ಲಿದೆ.